ಹಳೆಯ ಕಂಪ್ಯೂಟರಿಗೆ ವಿಂಡೋಸ್ 10ರ 22ಎಚ್2: ಚಾಮರಾಜಪೇಟೆಯ ಡಿಟಿಪಿ ಅಂಗಡಿಯಲ್ಲೊಂದು ಅನುಭವ

ಚಾಮರಾಜಪೇಟೆಯಲ್ಲಿ ನನ್ನ ಚಿಕ್ಕಪ್ಪ ನಡೆಸುವ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ದೇವಸ್ಥಾನದ ಕರಪತ್ರದವರೆಗೆ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ಸಿದ್ಧವಾಗುತ್ತವೆ. ಎರಡನೆಯ ತಲೆಮಾರಿನ ಕೋರ್ ಐ3 ಪ್ರೊಸೆಸರ್, ಎಚ್61 ಚಿಪ್‌ಸೆಟ್ ಇರುವ ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿಯ ಹಾರ್ಡ್ ಡಿಸ್ಕ್: ಇಷ್ಟು ಅದರ ಬಂಡವಾಳ. ಕೊಂಡಾಗ ಅದರಲ್ಲಿ ವಿಂಡೋಸ್ 7 ಇತ್ತು. 2016ರ ಜುಲೈ 29ಕ್ಕೆ ಮುಗಿದ ಉಚಿತ ಅವಕಾಶದ ಕಾಲದಲ್ಲಿ ಅದನ್ನು ವಿಂಡೋಸ್ 10ಕ್ಕೆ ಏರಿಸಲಾಗಿತ್ತು. ಆಮೇಲೆ ಒಂದೊಂದಾಗಿ ಬಂದ ಆವೃತ್ತಿಗಳನ್ನು ಅದು ತಾನಾಗಿಯೇ ಹಾಕಿಕೊಳ್ಳುತ್ತ ಬಂದು, 2019ರ ನವೆಂಬರಿನಲ್ಲಿ ಬಿಡುಗಡೆಯಾದ 1909 ಎಂಬ ಆವೃತ್ತಿಯ ಬಳಿ ನಿಂತುಬಿಟ್ಟಿತ್ತು. ಅಲ್ಲಿಂದ ಮುಂದಕ್ಕೆ ಏರಿಸಲು ಹೊರಟಾಗಲೆಲ್ಲ ಡೌನ್‌ಲೋಡ್ ಆಗುವುದು, ಮರುಚಾಲನೆಗೊಳ್ಳುವುದು, ಶೇಕಡಾವಾರು ಅಂಕಿ ಒಂದಷ್ಟು ದೂರ ಹೋಗುವುದು, ಕೊನೆಗೆ ಬದಲಾವಣೆಗಳನ್ನು ಹಿಂತೆಗೆದುಕೊಳ್ಳುತ್ತಿದ್ದೇನೆಂದು ಹೇಳಿ ಹಳೆಯ ಪರದೆಗೇ ಮರಳುವುದು, ಇದೇ ಆಗುತ್ತಿತ್ತು.

ಚಿಕ್ಕಪ್ಪನಿಗೆ ಇದು ದೊಡ್ಡ ಸಂಗತಿಯಾಗಿರಲಿಲ್ಲ. "ಕೆಲಸ ನಡೀತಿದೆಯಲ್ಲೋ, ಸುಮ್ನೆ ಅದನ್ನ ಯಾಕೆ ಮುಟ್ಟಬೇಕು?" ಎಂಬುದು ಅವರ ವಾದ. ಅಂಗಡಿಯಲ್ಲಿ ಕೂರುವವರಿಗೆ ಅದು ಸಹಜವಾದ ವಾದವೂ ಹೌದು. ಆದರೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಭದ್ರತಾ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಮನೆ ಬಳಕೆಯ ಆವೃತ್ತಿಗಳಿಗೆ 2026ರ ಅಕ್ಟೋಬರ್ 13ರವರೆಗೆ ಅವನ್ನು ಮುಂದುವರಿಸುವ ವಿಸ್ತರಣೆಯ ಯೋಜನೆಯೊಂದು ಬಂತಾದರೂ, ಅದು ಸಿಗುವುದು ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರುವ ಯಂತ್ರಗಳಿಗೆ ಮಾತ್ರ. ಗಿರಾಕಿಗಳು ಕಳಿಸುವ ವಾಟ್ಸ್‌ಆ್ಯಪ್ ಅಟ್ಯಾಚ್‌ಮೆಂಟು, ಯಾರ‍್ಯಾರದೋ ಪೆನ್‌ಡ್ರೈವು, ಜೊತೆಗೆ ಚಿಕ್ಕಪ್ಪನ ನೆಟ್‌ಬ್ಯಾಂಕಿಂಗು, ಇವೆಲ್ಲ ಅದೇ ಯಂತ್ರದಲ್ಲಿ ನಡೆಯುವಾಗ 2021ರಿಂದಲೇ ತಿದ್ದುಪಡಿ ಕಾಣದ 1909ರಲ್ಲಿ ಇನ್ನೂ ಇರುವುದು ನನಗೆ ಸರಿಕಾಣಲಿಲ್ಲ. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಲಗ್ನಪತ್ರಿಕೆಗಳ ಗಲಾಟೆಯೂ ಇರುವುದಿಲ್ಲ. ಆ ಬಿಡುವಿನಲ್ಲಿ ಯಂತ್ರವನ್ನು ನನಗೆ ಒಪ್ಪಿಸುವಂತೆ ಅವರನ್ನು ಒಪ್ಪಿಸಿದೆ. ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ ಇಂಥ ಯಂತ್ರಗಳ ಸಹವಾಸ ನನಗೆ ಹೊಸದಲ್ಲ.

ವಿಂಡೋಸ್ 11ನ್ನೇ ಹಾಕಿಬಿಡಬಾರದೇಕೆ ಎಂಬ ಪ್ರಶ್ನೆ ಮೊದಲೇ ಎದ್ದಿತ್ತು. ಇಂಟೆಲ್‌ನ ಎಂಟನೆಯ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಸೆಕ್ಯೂರ್ ಬೂಟ್ ಬಲ್ಲ ಯುಇಎಫ್‌ಐ ಇರಬೇಕೆಂಬುದು ಅದರ ಷರತ್ತು. ನಮ್ಮ ಐ3 ಇದರಿಂದ ಆರು ತಲೆಮಾರು ಹಿಂದಿದೆ. ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಅಲ್ಲಿನ ಹುಡುಗ, "ಬೈಪಾಸ್ ಮಾಡಿರೋ ಪೆನ್‌ಡ್ರೈವ್ ಇದೆ ಸಾರ್, ಹಾಕ್ಕೊಡ್ತೀವಿ, ಏನೂ ಆಗಲ್ಲ" ಎಂದ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. 24ಎಚ್2 ಆವೃತ್ತಿಯಿಂದ ಮುಂದಕ್ಕೆ ಕಡ್ಡಾಯವಾಗಿರುವ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಎಂಬ ಪ್ರೊಸೆಸರ್ ಆದೇಶಗಳು ಎರಡನೆಯ ತಲೆಮಾರಿನ ಐ3ಯಲ್ಲಿ ಇರುವುದರಿಂದ ತಪಾಸಣೆಯನ್ನು ದಾಟಿಸಿದರೆ ವಿಂಡೋಸ್ 11 ಅದರಲ್ಲಿ ಖಂಡಿತ ಚಾಲೂ ಆಗುತ್ತದೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್‌ಗಳ ಭರವಸೆಯಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬಾರದು, ಪ್ರತಿ ಸಲವೂ ಯಾರಾದರೂ ಕುಳಿತು ಅದೇ ಬೈಪಾಸ್ ಮಾಡಬೇಕು. ಆ 'ಯಾರಾದರೂ' ನಾನೇ ಆಗಿರುತ್ತೇನೆಂಬುದು ಗೊತ್ತಿದ್ದುದರಿಂದ ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಡಿಸ್ಕ್ ಒರೆಸಿ ಹೊಸದಾಗಿ 22ಎಚ್2 ಹಾಕುವುದು ತಾಂತ್ರಿಕವಾಗಿ ಎಲ್ಲಕ್ಕಿಂತ ಸುಲಭ. ಅದು ಸಾಧ್ಯವಿರಲಿಲ್ಲ. ಅಂಗಡಿಯ ಜೀವ ಇರುವುದು 2001ರಲ್ಲಿ ಬಂದ, ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್ 7.0ರಲ್ಲಿ, ಮತ್ತು ಅದರ ಸಿ.ಡಿ. ಎಲ್ಲಿದೆಯೆಂದು ಚಿಕ್ಕಪ್ಪನಿಗೂ ತಿಳಿಯದು. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬಾರದು. ಒತ್ತಕ್ಷರಗಳನ್ನು ಜೋಡಿಸುವ ವಿದ್ಯೆ ಅದಕ್ಕಿಲ್ಲ. ಆದ್ದರಿಂದ ಇಂಥ ಅಂಗಡಿಗಳಲ್ಲಿ ಇಂದಿಗೂ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳೇ ನಡೆಯುತ್ತವೆ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳು ಕೂತಿರುತ್ತವೆ, ಅದನ್ನೇ ಡಿಟಿಪಿಯವರು ಆಸ್ಕಿ ಎನ್ನುತ್ತಾರೆ. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಯೂನಿಕೋಡ್ ಕನ್ನಡ ಕಳಿಸಿದರೆ ಅದನ್ನು ಕನ್ವರ್ಟರಿಗೆ ಹಾಕಿ, ಆಸ್ಕಿಗೆ ತಿರುಗಿಸಿ, ಪೇಜ್‌ಮೇಕರಿಗೆ ಅಂಟಿಸಿ, ಅರ್ಕಾವೊತ್ತು ಎಲ್ಲಾದರೂ ಕೆಟ್ಟಿದ್ದರೆ ಕೈಯಿಂದ ಸರಿಪಡಿಸಿ, ಹೀಗೆ ಅಲ್ಲಿ ಟೈಪ್ ಮಾಡುವ ಅಕ್ಕನ ದಿನ ಸಾಗುತ್ತದೆ. ಇಷ್ಟೆಲ್ಲ ಹೊಂದಿಕೆಗಳು ಇದ್ದ ಹಾಗೆಯೇ ಉಳಿಯಬೇಕಾದರೆ ಫೈಲು ಮತ್ತು ತಂತ್ರಾಂಶಗಳನ್ನು ಉಳಿಸಿಕೊಂಡು ಇದ್ದ ವಿಂಡೋಸಿನ ಮೇಲೆಯೇ ಹೊಸ ಆವೃತ್ತಿಗೆ ಏರಿಸುವುದೊಂದೇ ದಾರಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. 2004 ಎಂಬ ಸಂಖ್ಯೆಯ ಆವೃತ್ತಿಯಿಂದ (ಅದು ಇಸವಿಯಲ್ಲ) 22ಎಚ್2ವರೆಗಿನ ವಿಂಡೋಸ್ 10 ಆವೃತ್ತಿಗಳೆಲ್ಲ ಒಳಗೆ ಒಂದೇ ತಳಪಾಯದವು; ಅವುಗಳ ನಡುವೆ ಏರಲು ಸಣ್ಣದೊಂದು ಪ್ಯಾಕೇಜ್ ಸಾಕು, ಒಮ್ಮೆ ಮರುಚಾಲನೆ ಮಾಡಿದರೆ ಕೆಲಸ ಮುಗಿಯುತ್ತದೆ. 1909 ಆ ಗೆರೆಯ ಈಚೆಗಿದೆ. ಆದ್ದರಿಂದ ಅಲ್ಲಿಂದ ಹೊರಡುವ ಯಂತ್ರ ಇಡೀ ವಿಂಡೋಸನ್ನು ಹೊಸದಾಗಿ ಬಿಚ್ಚಿ, ಹಳೆಯದನ್ನು ಪಕ್ಕಕ್ಕೆ ಸರಿಸಿ, ಡ್ರೈವರುಗಳನ್ನೂ (ಯಂತ್ರದ ಸಾಧನಗಳನ್ನು ನಡೆಸುವ ತಂತ್ರಾಂಶಗಳನ್ನೂ) ಸೆಟಿಂಗ್‌ಗಳನ್ನೂ ಹೊಸದಕ್ಕೆ ಸಾಗಿಸಬೇಕು. ಪಕ್ಕದ ಅಂಗಡಿಯ ಕಂಪ್ಯೂಟರ್ ಹತ್ತು ನಿಮಿಷದಲ್ಲಿ 22ಎಚ್2 ಆಯಿತು, ನಮ್ಮದೇಕೆ ಆಗುವುದಿಲ್ಲ ಎಂಬ ಚಿಕ್ಕಪ್ಪನ ದೂರಿಗೆ ಉತ್ತರ ಇದೇ.

ಏರಿಕೆ ಸೋತಾಗ ಪರದೆಯ ಮೇಲೆ ಕಾಣುವ ಎರರ್ ಕೋಡನ್ನು ಹಿಡಿದು ಹೊರಟರೆ ಒಂದೇ ಕೋಡಿಗೆ ಇಪ್ಪತ್ತು ಪರಿಹಾರಗಳು ಸಿಗುತ್ತವೆ, ಅವುಗಳಲ್ಲಿ ಹೆಚ್ಚಿನವು ಬೇರೆಯವರ ಯಂತ್ರದ ಕಥೆಗಳು. ನಾನು ನೆಚ್ಚುವುದು ಲಾಗ್ ಫೈಲುಗಳನ್ನು. ವಿಂಡೋಸನ್ನು ಏರಿಸುವ ಸೆಟಪ್ ತಂತ್ರಾಂಶ ತಾನು ಮಾಡಿದ್ದನ್ನೆಲ್ಲ ಸಿ ಡ್ರೈವಿನ ಒಂದು ಅಡಗಿದ ಫೋಲ್ಡರಿನಲ್ಲಿ ಬರೆದಿಡುತ್ತದೆ. 'ಪ್ಯಾಂಥರ್' ಎಂಬ ಹೆಸರಿನ ಉಪಫೋಲ್ಡರಿನಲ್ಲಿ ಎಲ್ಲ ಕ್ರಿಯೆಗಳ ಒಂದು ಲಾಗ್, ತಪ್ಪುಗಳದ್ದೇ ಒಂದು ಲಾಗ್ ಇರುತ್ತವೆ, ಹಿಂದಿರುಗಿದ್ದರೆ 'ರೋಲ್‌ಬ್ಯಾಕ್' ಎಂಬ ಇನ್ನೊಂದು ಫೋಲ್ಡರೂ ಸಿಗುತ್ತದೆ. ಇವನ್ನು ಓದಿ ಅರ್ಥಮಾಡಿಕೊಡುವ ಸೆಟಪ್‌ಡಯಾಗ್ ಎಂಬ ಉಚಿತ ಸಾಧನವನ್ನು ಮೈಕ್ರೋಸಾಫ್ಟೇ ಕೊಡುತ್ತದೆ. ಅಂಗಡಿಯ ಯಂತ್ರದ ಲಾಗಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಫೈಲುಗಳನ್ನು ಓದಲಾಗದೆ ಸೋತ ಸಾಲುಗಳು. ವಿಂಡೋಸ್ ತನ್ನ ದೂರುಗಳನ್ನು ದಾಖಲಿಸುವ ಇವೆಂಟ್ ವ್ಯೂಯರಿನಲ್ಲಿ ಅದೇ ಹೊತ್ತಿನ ದಾಖಲೆಗಳನ್ನು ತೆರೆದು ನೋಡಿದರೆ 'ಡಿಸ್ಕ್' ಎಂಬ ಮೂಲದಿಂದ 7ನೆಯ ಸಂಖ್ಯೆಯ ದೂರುಗಳು ಸಾಲುಗಟ್ಟಿದ್ದವು. ಡಿಸ್ಕಿನಲ್ಲಿ ಕೆಟ್ಟ ಬ್ಲಾಕ್ ಇದೆಯೆಂಬುದು ಅದರ ಅರ್ಥ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದಾಗ ಹಳದಿ ಬಣ್ಣದ ಎಚ್ಚರಿಕೆ, ಓದಲು ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಸಣ್ಣ ಸಣ್ಣ ತುಂಡುಗಳ) ಸಾಲಿನಲ್ಲಿ ಸೊನ್ನೆಯಲ್ಲದ ಅಂಕಿ. ಕಂಪ್ಯೂಟರ್ ಬೆಳಿಗ್ಗೆ ಆನ್ ಮಾಡಿದರೆ ಕಾಫಿ ಕುಡಿದು ಬಂದ ಮೇಲೆ ಸಿದ್ಧವಾಗುತ್ತದೆ ಎಂದು ಅಕ್ಕ ನಗುತ್ತ ಹೇಳಿದ್ದರ ಹಿಂದೆ ಇದೂ ಇತ್ತು.

ಸಾಯುತ್ತಿರುವ ಡಿಸ್ಕಿನ ಮೇಲೆ ಮತ್ತೆ ಮತ್ತೆ ಏರಿಕೆಗೆ ಪ್ರಯತ್ನಿಸುವುದೆಂದರೆ ಅದರ ಉಳಿದ ಆಯುಷ್ಯವನ್ನು ಅದಕ್ಕೇ ಸುರಿದಂತೆ. ಎಲ್ಲಕ್ಕಿಂತ ಮೊದಲು ಪೇಜ್‌ಮೇಕರ್ ಫೈಲುಗಳು, ನುಡಿಯ ಫಾಂಟುಗಳು, ಗಿರಾಕಿಗಳ ಫೋಟೊಗಳಿದ್ದ ಫೋಲ್ಡರುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆ. ಆಮೇಲೆ ಇಡೀ ಡಿಸ್ಕನ್ನೇ ತಿರುಗುವ ತಟ್ಟೆಗಳಿಲ್ಲದ, ಹೆಚ್ಚು ವೇಗದ ಎಸ್‌ಎಸ್‌ಡಿಗೆ ಸಾಗಿಸಲು ಎಸ್.ಪಿ. ರಸ್ತೆಗೆ ಹೋದೆ. ಅಲ್ಲಿ ಕೌಂಟರಿನ ಮೇಲೆ ಸುಲಭವಾಗಿ ಸಿಗುವುದು 480 ಜಿಬಿಯದು, ಬೆಲೆಯೂ ಕೊಂಚ ಕಡಿಮೆ. ಆದರೆ 500 ಜಿಬಿಯ ಹಾರ್ಡ್ ಡಿಸ್ಕಿನಲ್ಲಿ ಇರುವುದು 500,107,862,016 ಬೈಟ್. ಸೆಕ್ಟರಿಗೆ ಸೆಕ್ಟರ್ ನಕಲು ಮಾಡುವಾಗ ಗುರಿಯ ಡಿಸ್ಕ್ ಒಂದು ಬೈಟ್ ಚಿಕ್ಕದಾದರೂ ಬಾಲ ಕತ್ತರಿಸಿಹೋಗುತ್ತದೆ. 512 ಜಿಬಿ ಎಂದು ಮಾರುವುದರಲ್ಲಿ 512,110,190,592 ಬೈಟ್ ಇರುತ್ತದೆ, ಅದು ಸಾಕು. ಪಾರ್ಟಿಷನ್ (ಡಿಸ್ಕಿನ ವಿಭಾಗ) ಕುಗ್ಗಿಸಿ ಚಿಕ್ಕದಕ್ಕೂ ಸಾಗಿಸಬಹುದೆಂದು ಅಂಗಡಿಯವನು ಹೇಳಿದನಾದರೂ, ಕೆಟ್ಟ ಸೆಕ್ಟರುಗಳಿರುವ ಡಿಸ್ಕಿನ ಮೇಲೆ ಪಾರ್ಟಿಷನ್ ಕುಗ್ಗಿಸುವುದೆಂದರೆ ಫೈಲುಗಳನ್ನು ಅದೇ ಡಿಸ್ಕಿನೊಳಗೆ ಎತ್ತಿ ಎತ್ತಿ ಇಡುವ ಕೆಲಸ, ಅದನ್ನು ನಾನು ಮಾಡುವುದಿಲ್ಲ. ಎಚ್61 ಚಿಪ್‌ಸೆಟ್ಟಿನ ಸಾಟಾ ಪೋರ್ಟುಗಳು ಸೆಕೆಂಡಿಗೆ 3 ಗಿಗಾಬಿಟ್‌ನವು. ಆದ್ದರಿಂದ ಎಸ್‌ಎಸ್‌ಡಿಯ ಪೂರ್ಣ ವೇಗ ಸಿಗುವುದಿಲ್ಲ, ದುಬಾರಿಯದನ್ನು ಕೊಂಡು ಪ್ರಯೋಜನವೂ ಇಲ್ಲ. ಅಲ್ಲೇ ಪಕ್ಕದಲ್ಲಿ 1333 ವೇಗದ 4 ಜಿಬಿ ಡಿಡಿಆರ್3 ರ‍್ಯಾಮೊಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತು.

ನಕಲಿಗೆ ಲಿನಕ್ಸ್ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಬಳಸಿದೆ. ಸಾಮಾನ್ಯ ಕ್ಲೋನಿಂಗ್ ತಂತ್ರಾಂಶ ಓದಲಾಗದ ಸೆಕ್ಟರ್ ಸಿಕ್ಕಿದಲ್ಲಿ ಮುಗ್ಗರಿಸಿ ನಿಲ್ಲುತ್ತದೆ, ಇಲ್ಲವೇ ಅಲ್ಲೇ ಗಂಟೆಗಟ್ಟಲೆ ಕೂರುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ: ಸಲೀಸಾಗಿ ಓದಲು ಬರುವ ಭಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಕಾಟ ಕೊಟ್ಟ ಜಾಗಗಳನ್ನು ಒಂದು ನಕ್ಷೆಯ ಫೈಲಿನಲ್ಲಿ ಗುರುತಿಟ್ಟು, ಆಮೇಲೆ ಅವುಗಳ ಅಂಚಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಕೆರೆದು ನೋಡುತ್ತದೆ. ನಡುವೆ ಕರೆಂಟು ಹೋದರೂ ಆ ನಕ್ಷೆಯ ಫೈಲು ಇದ್ದರೆ ನಿಂತಲ್ಲಿಂದಲೇ ಮುಂದುವರಿಯಬಹುದು. ಕೊನೆಗೆ ಉಳಿದ ಓದಲಾಗದ ಭಾಗ ತೀರ ಸಣ್ಣದಾಗಿತ್ತು.

ಸಣ್ಣದೆಂದು ಅದನ್ನು ಮರೆಯುವಂತಿಲ್ಲ, ಏಕೆಂದರೆ ಓದಲಾಗದ ಜಾಗಗಳು ಹೊಸ ಡಿಸ್ಕಿನಲ್ಲಿ ಸೊನ್ನೆಗಳಾಗಿ ಕೂತಿರುತ್ತವೆ. ಹೊಸ ಡಿಸ್ಕ್ ಸಂಪೂರ್ಣ ಆರೋಗ್ಯವಾಗಿರುವುದರಿಂದ ಯಾವ ದೂರೂ ಬಾರದು, ಆದರೆ ಆ ಸೊನ್ನೆಗಳು ವಿಂಡೋಸಿನ ಯಾವುದೋ ಫೈಲಿನ ಹೊಟ್ಟೆಯಲ್ಲಿದ್ದರೆ ಏರಿಕೆ ಮತ್ತೆ ಸೋಲುತ್ತದೆ. ಸಿಸ್ಟಮ್ ಫೈಲ್ ಚೆಕರ್ ಓಡಿಸಿದಾಗ ಅದು ಕೆಟ್ಟ ಫೈಲುಗಳನ್ನು ಪತ್ತೆಹಚ್ಚಿ ಸರಿಪಡಿಸಿತು. ಇನ್ನೊಂದು ಸೂಕ್ಷ್ಮವೂ ಇದೆ. ಹಳೆಯ ಡಿಸ್ಕಿನಲ್ಲಿ ಕೆಟ್ಟದ್ದೆಂದು ವಿಂಡೋಸಿನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಗುರುತಿಟ್ಟುಕೊಂಡ ಕ್ಲಸ್ಟರುಗಳ ಪಟ್ಟಿಯೂ ನಕಲಿನ ಜೊತೆಗೇ ಬರುತ್ತದೆ, ಹೊಸ ಡಿಸ್ಕಿನ ನಿರ್ದೋಷಿ ಜಾಗಗಳ ಮೇಲೆ ಹಳೆಯ ಆರೋಪ ಉಳಿದುಬಿಡುತ್ತದೆ. ಚೆಕ್‌ಡಿಸ್ಕ್ ಆಜ್ಞೆಯನ್ನು 'ಬಿ' ಆಯ್ಕೆಯೊಂದಿಗೆ ಕೊಟ್ಟರೆ ಆ ಪಟ್ಟಿಯನ್ನು ಮತ್ತೆ ಪರೀಕ್ಷಿಸಿ ತೆರವುಗೊಳಿಸುತ್ತದೆ. ನಕಲಾದ ಮೇಲೆ ಎರಡೂ ಡಿಸ್ಕುಗಳ ಸಹಿ (ವಿಂಡೋಸ್ ಡಿಸ್ಕನ್ನು ಗುರುತಿಸುವ ಸಂಖ್ಯೆ) ಒಂದೇ ಆಗಿರುವುದರಿಂದ, ಎಸ್‌ಎಸ್‌ಡಿಯಿಂದ ಮೊದಲ ಸಲ ಬೂಟ್ ಮಾಡುವ ಮುನ್ನ ಹಳೆಯ ಡಿಸ್ಕಿನ ಕೇಬಲ್ ಕಿತ್ತಿಟ್ಟೆ. ಅದನ್ನು ಹಾಗೆಯೇ ಪೊಟ್ಟಣ ಕಟ್ಟಿ, ಮೇಲೆ ದಿನಾಂಕ ಬರೆದು ಅಂಗಡಿಯ ಬೀರುವಿನಲ್ಲಿ ಇಟ್ಟಿದ್ದೇವೆ.

ಇಷ್ಟಕ್ಕೇ ಯಂತ್ರದ ನಡೆ ಬದಲಾಯಿತು. ನಿಜ ಹೇಳಬೇಕೆಂದರೆ ಅಂಗಡಿಯವರ ಮಟ್ಟಿಗೆ ಇಡೀ ಕೆಲಸದ ಫಲ ಕಂಡದ್ದು ಇಲ್ಲಿಯೇ. ಮುಂದಿನದೆಲ್ಲ ಅವರ ಕಣ್ಣಿಗೆ ಕಾಣದ ಕೆಲಸ.

ಮದರ್‌ಬೋರ್ಡಿನ ಮೂಲ ಸೆಟಿಂಗ್‌ಗಳಿರುವ ಬಯಾಸ್ ಒಳಹೊಕ್ಕು ನೋಡಿದರೆ ಡಿಸ್ಕಿನ ಮೋಡ್ ಇನ್ನೂ ಹಳೆಯ ಕಾಲದ ಐಡಿಇ ಆಗಿಯೇ ಇತ್ತು, ಎಸ್‌ಎಸ್‌ಡಿಗೆ ತಕ್ಕದ್ದು ಅದರ ನಂತರ ಬಂದ ಎಎಚ್‌ಸಿಐ. ನೇರವಾಗಿ ಎಎಚ್‌ಸಿಐಗೆ ಬದಲಿಸಿದರೆ ವಿಂಡೋಸ್ ಬೂಟ್ ಆಗದೆ ನೀಲಿ ಪರದೆ ತೋರಿಸುತ್ತದೆ. ಮೊದಲು ಬಿಸಿಡಿಎಡಿಟ್ ಆಜ್ಞೆಯಿಂದ ಸೇಫ್ ಮೋಡಿಗೆ ಬೂಟ್ ಆಗುವಂತೆ ಹೇಳಿ, ಮರುಚಾಲನೆಯ ನಡುವೆ ಬಯಾಸಿನಲ್ಲಿ ಎಎಚ್‌ಸಿಐ ಮಾಡಿ, ಸೇಫ್ ಮೋಡಿನಲ್ಲಿ ಒಮ್ಮೆ ಎದ್ದ ಮೇಲೆ ಆ ಸೂಚನೆಯನ್ನು ತೆಗೆದರೆ ಡ್ರೈವರ್ ತಾನಾಗಿ ಕೂರುತ್ತದೆ. ಅದೇ ಬಯಾಸ್ ಪರದೆಯಲ್ಲಿ ದಿನಾಂಕ ಹಲವು ವರ್ಷ ಹಿಂದಿನದಿತ್ತು. ಚಿಕ್ಕಪ್ಪ ರಾತ್ರಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಾರೆ. ಗೋಡೆಯಿಂದ ಬರುವ ಕರೆಂಟು ನಿಂತ ಮೇಲೆ ಗಡಿಯಾರ ಬದುಕುವುದು ಮದರ್‌ಬೋರ್ಡಿನ ಗುಂಡಿ ಸೆಲ್ಲಿನ ಮೇಲೆ, ಆ ಸೆಲ್ ಎಂದೋ ಸತ್ತಿತ್ತು. ದಿನಾಂಕ ತಪ್ಪಿದ್ದರೆ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳು ಒಪ್ಪಿಗೆಯಾಗದೆ ಅಪ್‌ಡೇಟ್ ಸರ್ವರಿನ ಸಂಪರ್ಕವೇ ಮುರಿಯುತ್ತದೆ. "ದಿನಾ ಬೆಳಿಗ್ಗೆ ನಾನೇ ಟೈಮ್ ಸರಿ ಮಾಡ್ಕೊತೀನಿ, ಆಮೇಲೇ ವಾಟ್ಸ್‌ಆ್ಯಪ್ ಬರೋದು" ಎಂದು ಅಕ್ಕ ಹೇಳಿದರು, ಅದು ಕಂಪ್ಯೂಟರಿನ ಸ್ವಭಾವವೇ ಎಂಬಂತೆ. ಸಿಆರ್2032 ಸೆಲ್ ಗಾಂಧಿ ಬಜಾರಿನ ಗಡಿಯಾರದ ಅಂಗಡಿಯಲ್ಲೇ ಸಿಗುತ್ತದೆ.

ಇನ್ನು ಏರಿಕೆ. 22ಎಚ್2ರ ಐಎಸ್ಒ ಫೈಲನ್ನು (ಇಡೀ ವಿಂಡೋಸ್ ಡಿಸ್ಕಿನ ನಕಲನ್ನು) ತೆರೆದು ಅದರೊಳಗಿನ ಸೆಟಪ್ ಚಾಲೂ ಮಾಡಿದಾಗ ಮೊದಲ ಅಡ್ಡಿ ಭಾಷೆಯದು. ಫೈಲು ಮತ್ತು ತಂತ್ರಾಂಶಗಳನ್ನು ಉಳಿಸಿಕೊಳ್ಳುವ ಆಯ್ಕೆ ಮಸುಕಾಗಿತ್ತು, ಒತ್ತಲು ಬರುತ್ತಿರಲಿಲ್ಲ. ಅಂಗಡಿಯ ವಿಂಡೋಸ್ ಮೂಲತಃ ಅಮೆರಿಕದ ಇಂಗ್ಲಿಷಿನದು, ಲ್ಯಾಬಿನಿಂದ ನಾನು ತಂದಿದ್ದ ಐಎಸ್ಒ ಇಂಗ್ಲಿಷ್ ಇಂಟರ್‌ನ್ಯಾಷನಲ್‌ನದು. ಮೂಲಭಾಷೆ ಎರಡರಲ್ಲೂ ಒಂದೇ ಇಲ್ಲದಿದ್ದರೆ ಸೆಟಪ್ ತಂತ್ರಾಂಶಗಳನ್ನು ಸಾಗಿಸುವುದಿಲ್ಲ. ಆಡಳಿತಗಾರನ ಕಮಾಂಡ್ ಪ್ರಾಂಪ್ಟಿನಲ್ಲಿ ಡಿಸ್ಮ್ ಸಾಧನದಿಂದ ಭಾಷೆಯ ವಿವರ ಕೇಳಿದರೆ ಮೂಲಭಾಷೆ ಯಾವುದೆಂದು ತಿಳಿಯುತ್ತದೆ. ಸರಿಯಾದ ಐಎಸ್ಒ ತಂದ ಮೇಲೆ ಆಯ್ಕೆ ತೆರೆಯಿತು, ಮತ್ತು ಸೆಟಪ್ ಎರಡು ಹೆಜ್ಜೆ ಮುಂದೆ ಹೋಗಿ ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನನ್ನು ನವೀಕರಿಸಲಾಗಲಿಲ್ಲವೆಂದು ನಿಂತಿತು.

ಇದು ವಿಂಡೋಸ್ 7ರಿಂದ ಏರಿಬಂದ ಯಂತ್ರಗಳ ವಂಶಪಾರಂಪರ್ಯ ಕಾಯಿಲೆ. ವಿಂಡೋಸ್ 7 ಬೂಟ್ ಫೈಲುಗಳಿಗೆಂದು ಡಿಸ್ಕಿನ ತಲೆಯಲ್ಲಿ 100 ಎಂಬಿಯ ಸಣ್ಣ ಪಾರ್ಟಿಷನ್ ಮಾಡುತ್ತಿತ್ತು. ವಿಂಡೋಸ್ 8ರ ಕಾಲಕ್ಕೆ ಅದು 350 ಎಂಬಿ ಆಯಿತು, 10ರಲ್ಲಿ 500 ಎಂಬಿ. ಏರಿಸಿದ ಯಂತ್ರದಲ್ಲಿ ಮಾತ್ರ ಅದೇ ಹಳೆಯ 100 ಎಂಬಿ ಉಳಿದಿರುತ್ತದೆ, ಅದರ ಹಿಂದೆ ಒತ್ತಿಕೊಂಡೇ ಸಿ ಡ್ರೈವ್ ಶುರುವಾಗುವುದರಿಂದ ಹಿಗ್ಗಿಸಲೂ ಜಾಗವಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಿಂದ ಅದಕ್ಕೆ 'ವೈ' ಎಂಬ ಅಕ್ಷರ ಕೊಟ್ಟು ಒಳಗೆ ನೋಡಿದರೆ ಬೂಟ್ ಫೋಲ್ಡರಿನಲ್ಲಿ ಫಾಂಟ್ಸ್ ಎಂಬ ಉಪಫೋಲ್ಡರಿತ್ತು. ಬೂಟ್ ಮೆನುವನ್ನು ಚೀನೀ, ಜಪಾನೀ, ಕೊರಿಯನ್ ಲಿಪಿಗಳಲ್ಲಿ ತೋರಿಸಲು ಬೇಕಾಗುವ ಫಾಂಟುಗಳು ಅಲ್ಲಿ ಹಲವು ಎಂಬಿ ನುಂಗಿ ಕೂತಿದ್ದವು. ಚಾಮರಾಜಪೇಟೆಯಲ್ಲಿ ಅವುಗಳಿಗೆ ಕೆಲಸವಿಲ್ಲ. ಫೋಲ್ಡರಿನ ಅನುಮತಿಗಳನ್ನು ಮೊದಲು ಒಂದು ಫೈಲಿಗೆ ಉಳಿಸಿಕೊಂಡು, ಒಡೆತನ ಪಡೆದು, ಫಾಂಟುಗಳನ್ನು ಅಳಿಸಿ, ಅನುಮತಿಗಳನ್ನು ಮರಳಿ ಹಾಕಿದೆ. ಅಷ್ಟರಿಂದ ಸಿಕ್ಕ ಜಾಗ ಸಾಲದೆಂದು ಎನ್‌ಟಿಎಫ್‌ಎಸ್ ತನ್ನ ಲೆಕ್ಕಕ್ಕೆ ಇಟ್ಟುಕೊಳ್ಳುವ ಲಾಗನ್ನೂ ಚೆಕ್‌ಡಿಸ್ಕ್ ಮೂಲಕ 5000 ಕೆಬಿಗೆ ಇಳಿಸಿದೆ. ಇವೆರಡೂ ಮೈಕ್ರೋಸಾಫ್ಟೇ ಸೂಚಿಸುವ ಕ್ರಮಗಳು. ಆ ಪಾರ್ಟಿಷನನ್ನೇ ಅಳಿಸಿ ದೊಡ್ಡದು ಮಾಡಿಕೊಡುವ ತಂತ್ರಾಂಶಗಳಿವೆ, ಅವನ್ನು ಬೇರೆ ದಾರಿಯಿಲ್ಲದಾಗ ನೋಡಿಕೊಳ್ಳಬಹುದು.

ಮುಂದಿನ ಸಲ ಸೆಟಪ್ ನಿರಾತಂಕವಾಗಿ ನಡೆದು ಮರುಚಾಲನೆಗೆ ಹೋಯಿತು. ಯುಪಿಎಸ್‌ನ ಬ್ಯಾಟರಿ ಹೊಸದೇ ಆಗಿದ್ದುದು ಸಮಾಧಾನ. ಎಸ್‌ಎಸ್‌ಡಿಯ ದಯೆಯಿಂದ ಅಂಕಿಗಳು ಬೇಗ ಬೇಗ ಏರುತ್ತಿದ್ದವು, ಅರ್ಧ ದಾರಿ ದಾಟಿದ ಮೇಲೆ ಪರದೆ ಒಮ್ಮೆ ಕಪ್ಪಾಗಿ ಯಂತ್ರ ಮತ್ತೆ 1909ಕ್ಕೇ ಮರಳಿತು. ಈ ಸಲದ ಕೋಡು 'ಸಿ1900101' ಎಂಬುದರಿಂದ ಶುರುವಾಗುತ್ತಿತ್ತು. ಆ ಕುಟುಂಬದ ಕೋಡುಗಳು ಸಾಮಾನ್ಯವಾಗಿ ಡ್ರೈವರಿನ ಕಡೆಗೇ ಬೆರಳು ತೋರಿಸುತ್ತವೆ. ಯಾವ ಡ್ರೈವರ್ ಎಂಬುದನ್ನು ಮಾತ್ರ ಹೇಳುವುದಿಲ್ಲ. ಸೆಟಪ್ ನಾಲ್ಕು ಘಟ್ಟಗಳಲ್ಲಿ ನಡೆಯುತ್ತದೆ: ಹಳೆಯ ವಿಂಡೋಸ್ ಇರುವಾಗಲೇ ನಡೆಯುವ ಸಿದ್ಧತೆ, ಮರುಚಾಲನೆಯ ನಂತರ ಸಣ್ಣದೊಂದು ತಾತ್ಕಾಲಿಕ ವಿಂಡೋಸಿನಲ್ಲಿ ನಡೆಯುವ ಸಾಗಣೆ, ಹೊಸ ವಿಂಡೋಸಿನ ಮೊದಲ ಬೂಟ್, ಎರಡನೆಯ ಬೂಟ್. ನಮ್ಮದು ಸೋತದ್ದು ಮೊದಲ ಬೂಟಿನಲ್ಲಿ, ಎಂದರೆ ಹಳೆಯ ಯಂತ್ರದಿಂದ ಹೊತ್ತು ತಂದ ಡ್ರೈವರುಗಳನ್ನು ಹೊಸ ವಿಂಡೋಸ್ ಎಬ್ಬಿಸುವ ಹೊತ್ತಿನಲ್ಲಿ.

ರೋಲ್‌ಬ್ಯಾಕ್ ಲಾಗಿನ ಕೊನೆಯ ಸಾಲುಗಳ ಸುತ್ತಮುತ್ತ ಒಂದೇ ಡ್ರೈವರ್ ಫೈಲಿನ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಪ್ರಿಂಟರಿನದಲ್ಲ, ಸ್ಕ್ಯಾನರಿನದೂ ಅಲ್ಲ, ಗ್ರಾಫಿಕ್ಸಿನದಂತೂ ಅಲ್ಲ. ಚಿಕ್ಕಪ್ಪನನ್ನು ಕೇಳಿದಾಗ ಅವರು ಸ್ವಲ್ಪ ಯೋಚಿಸಿ, "ಅದಾ, ಮುಂಚೆ ಒಂದು ಫಾಂಟ್ ಸಾಫ್ಟ್‌ವೇರ್ ಇತ್ತು ಕಣೋ, ಹಿಂದುಗಡೆ ಒಂದು ಡಾಂಗಲ್ ಸಿಗಿಸಿದ್ರೇನೇ ಓಡೋದು. ಡಾಂಗಲ್ ಕಳೆದುಹೋಗಿ ಎಷ್ಟೋ ವರ್ಷ ಆಯ್ತಲ್ಲ" ಎಂದರು. ಡಾಂಗಲ್ ಹೋಗಿತ್ತು, ತಂತ್ರಾಂಶವನ್ನೂ ತೆಗೆದಿದ್ದರು. ಆ ಹಾರ್ಡ್‌ವೇರ್ ಬೀಗವನ್ನು ಗುರುತಿಸುವ ಡ್ರೈವರ್ ಮಾತ್ರ ವಿಂಡೋಸಿನ ತಿರುಳಾದ ಕರ್ನಲ್ಲಿನ ಮಟ್ಟದಲ್ಲಿ ಪ್ರತಿ ಬೂಟಿನಲ್ಲೂ ಏಳುತ್ತ, ಇಲ್ಲದ ಡಾಂಗಲನ್ನು ಹುಡುಕುತ್ತ ಉಳಿದಿತ್ತು. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ ಸಾಧನಗಳನ್ನು ತೋರಿಸುವಂತೆ ಕೇಳಿದಾಗ ಮಸುಕು ಬಣ್ಣದಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ತೆಗೆದು, ಪಿಎನ್‌ಪಿ ಯುಟಿಲಿಟಿಯಿಂದ ಹೊರಗಿನ ಡ್ರೈವರುಗಳ ಪಟ್ಟಿ ಪಡೆದು, ವಿಂಡೋಸ್ ಡ್ರೈವರುಗಳ ಪ್ರತಿಗಳನ್ನು ಇಟ್ಟುಕೊಳ್ಳುವ ಡ್ರೈವರ್ ಸ್ಟೋರಿನಿಂದಲೂ ಅದನ್ನು ಅಳಿಸಿದೆ. ಸಾಧನವನ್ನು ತೆಗೆದು ಸ್ಟೋರಿನಲ್ಲಿ ಬಿಟ್ಟರೆ ಏರಿಕೆಯ ಹೊತ್ತಿಗೆ ಸೆಟಪ್ ಅದನ್ನು ಮತ್ತೆ ಎತ್ತಿಕೊಂಡು ಹೋಗಬಹುದು. ಹೊರಗಿನ ಆ್ಯಂಟಿವೈರಸ್ ಒಂದಿತ್ತು, ಅದನ್ನೂ ತೆಗೆದೆ. ಪ್ರಿಂಟರ್, ಸ್ಕ್ಯಾನರ್ ಕೇಬಲುಗಳನ್ನೂ ಬಿಚ್ಚಿದೆ. ಕೀಬೋರ್ಡ್, ಮೌಸ್, ಮಾನಿಟರ್ ಬಿಟ್ಟು ಬೇರೇನೂ ಇಲ್ಲದ ಆ ಯಂತ್ರ ಸಂಜೆಯ ಹೊತ್ತಿಗೆ 22ಎಚ್2 ಆಗಿ ಎದ್ದಿತು.

ಎದ್ದ ಮೇಲೆ ಹೊಸ ತೊಡಕುಗಳು ಬಂದವು, ಹೆಚ್ಚೇನೂ ಅಲ್ಲ. ಮೊದಲನೆಯದು ಪ್ರಿಂಟರಿನದು. ಡಿಫಾಲ್ಟ್ ಪ್ರಿಂಟರನ್ನು ವಿಂಡೋಸೇ ನೋಡಿಕೊಳ್ಳಲಿ ಎಂಬ ಸೆಟಿಂಗ್ ಆನ್ ಆಗಿತ್ತು, ಕೊನೆಗೆ ಬಳಸಿದ ಪ್ರಿಂಟರೇ ಡಿಫಾಲ್ಟ್ ಆಗುತ್ತಿತ್ತು. ಬೇರೆ ತಂತ್ರಾಂಶಗಳಿಗೆ ಇದು ಅನುಕೂಲವಾಗಬಹುದು. ಪೇಜ್‌ಮೇಕರ್ ಮಾತ್ರ ಪುಟವನ್ನು ಗುರಿಯ ಪ್ರಿಂಟರಿಗೆ ತಕ್ಕಂತೆ ಜೋಡಿಸುವ ಕಾಲದ್ದು. ಪ್ರಿಂಟರ್ ಬದಲಾದರೆ ಪುಟವನ್ನು ಮತ್ತೆ ಜೋಡಿಸಲೇ ಎಂದು ಕೇಳುತ್ತದೆ, ಹೂಂ ಎಂದರೆ ಸಾಲುಗಳು ಆಚೀಚೆ ಸರಿಯುತ್ತವೆ. ಅಳೆದು ಕೂರಿಸಿದ ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ಮುಂದಿನ ಸಾಲಿಗೆ ಜಾರಿದರೆ ಆಗುವ ರಂಪಾಟವನ್ನು ವಿವರಿಸಬೇಕಿಲ್ಲ. ಆ ಸೆಟಿಂಗನ್ನು ಆರಿಸಿ, ಮೊದಲಿದ್ದ ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರನ್ನೇ ಕಾಯಂ ಮಾಡಿದೆ. ನುಡಿಯ ಫಾಂಟುಗಳು ಎಲ್ಲವೂ ಉಳಿದಿದ್ದವು, ಕೀಲಿಮಣೆಯೂ ಹಾಗೆಯೇ ನಡೆಯಿತು. ಲೆಟರ್‌ಹೆಡ್ಡುಗಳಿಗೆ ಬಳಸುವ ವರ್ಡ್ ಫೈಲುಗಳಲ್ಲಿದ್ದ ತುಂಗಾ ಫಾಂಟಿನ ಬಗ್ಗೆ ನನಗೆ ಅನುಮಾನವಿತ್ತು, ಏಕೆಂದರೆ ಎಕ್ಸ್‌ಪಿ ಕಾಲದಿಂದ ವಿಂಡೋಸಿನ ಜೊತೆಗೇ ಬರುತ್ತಿದ್ದ ತುಂಗಾವನ್ನು ವಿಂಡೋಸ್ 10ರಲ್ಲಿ ಕನ್ನಡದ ಪೂರಕ ಫಾಂಟುಗಳೆಂಬ ಐಚ್ಛಿಕ ಭಾಗಕ್ಕೆ ಸರಿಸಲಾಗಿದೆ. ಹೊಸದಾಗಿ ವಿಂಡೋಸ್ ಹಾಕಿದವರಿಗೆ ಅದು ಕಾಣದೆ ನಿರ್ಮಲಾ ಮಾತ್ರ ಕಾಣುತ್ತದೆ, ಸೆಟಿಂಗ್ಸಿನ ಐಚ್ಛಿಕ ವೈಶಿಷ್ಟ್ಯಗಳಿಗೆ ಹೋಗಿ ಸೇರಿಸಿಕೊಳ್ಳಬೇಕು. ನಮ್ಮದು ಹಳೆಯದರ ಮೇಲೆಯೇ ಏರಿದ್ದರಿಂದ ಅದು ಜೊತೆಗೇ ಬಂದಿತ್ತು.

ಹಳೆಯ ವಿಂಡೋಸನ್ನು ಸೆಟಪ್ ಹತ್ತು ದಿನ ಕಾದಿಡುತ್ತದೆ, ಅಷ್ಟರೊಳಗೆ ಬೇಕೆಂದರೆ ಹಿಂದಕ್ಕೆ ಹೋಗಬಹುದು. ಆ ಅವಧಿಯಲ್ಲಿ ಅಂಗಡಿಯ ಎಲ್ಲ ಬಗೆಯ ಕೆಲಸವನ್ನೂ ಒಮ್ಮೆ ಮಾಡಿ ನೋಡುವಂತೆ ಅಕ್ಕನಿಗೆ ಹೇಳಿದೆ: ಬಹುವರ್ಣದ ಕಾರ್ಡು, ಬಿಲ್ ಬುಕ್ಕು, ಪಿಡಿಎಫ್ ಮಾಡಿ ಆಫ್‌ಸೆಟ್ ಪ್ರೆಸ್ಸಿಗೆ ಕಳಿಸುವುದು. ವಿಸ್ತರಣೆಯ ಯೋಜನೆಗೆ ನೋಂದಾಯಿಸಲು ಸೆಟಿಂಗ್ಸಿನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಕೊಂಡಿ ಕಾಣಿಸಿಕೊಂಡಿತು. ಆಡಳಿತಗಾರನ ಹಕ್ಕಿರುವ ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟಿಂಗ್‌ಗಳನ್ನು ಆ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಹಣ ಕೊಡಬೇಕಿಲ್ಲ. ಚಿಕ್ಕಪ್ಪನಿಗೆ ಖಾತೆಯ ಪಾಸ್‌ವರ್ಡ್ ನೆನಪಿಲ್ಲದೆ ಅದನ್ನು ಮರಳಿ ಪಡೆಯುವುದಕ್ಕೆ ಡ್ರೈವರ್ ಹುಡುಕಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತೆಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಇನ್ನೊಂದು ಕಂಪ್ಯೂಟರಿತ್ತು, ಕೋರ್ 2 ಡ್ಯುಓ, 4 ಜಿಬಿ ರ‍್ಯಾಮ್, ಧೂಳು ಹಿಡಿದು ಕೂತಿದ್ದ ವಿಂಡೋಸ್ 7. ಆ ಪ್ರೊಸೆಸರಿನಲ್ಲಿ ಪಾಪ್‌ಕೌಂಟ್ ಇಲ್ಲವಾದ್ದರಿಂದ ಇಂದಿನ ವಿಂಡೋಸ್ 11 ಯಾವ ಬೈಪಾಸಿಗೂ ಬಗ್ಗದು. ಅದಕ್ಕೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ; 2029ರ ಏಪ್ರಿಲ್‌ವರೆಗೆ ಅದಕ್ಕೆ ತಿದ್ದುಪಡಿಗಳಿವೆ. ಐಬಸ್‌ನಲ್ಲಿ (ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆಗಳನ್ನು ಟೈಪ್ ಮಾಡಿಸುವ ಸಾಧನ) ಕನ್ನಡದ ಕೆಜಿಪಿ ಕೀಲಿಮಣೆ ವಿನ್ಯಾಸ ಸೇರಿಸಿದರೆ ನುಡಿಯ ಕೀಲಿಗಳೇ ಸಿಗುತ್ತವೆ, ಅಕ್ಕ ಎರಡು ನಿಮಿಷ ಒತ್ತಿ ನೋಡಿ "ಇದೂ ಅದೇ ತರ ಇದೆ" ಎಂದರು. ಗುಬ್ಬಿ, ನವಿಲು ಫಾಂಟುಗಳನ್ನು ಹಾಕಿಕೊಟ್ಟೆ. ನುಡಿಯ ಹಳೆಯ ಫಾಂಟುಗಳನ್ನೂ ನಕಲಿಸಿದ್ದರಿಂದ ಆಸ್ಕಿಯಲ್ಲಿರುವ ಪತ್ರಗಳು ಲಿಬ್ರೆ ಆಫೀಸಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗದೆ ಕನ್ನಡವಾಗಿಯೇ ತೆರೆದುಕೊಳ್ಳುತ್ತವೆ. ಲಿಬ್ರೆ ಆಫೀಸ್ ಡ್ರಾ ಪೇಜ್‌ಮೇಕರ್ ಫೈಲುಗಳನ್ನೂ ತೆರೆಯುತ್ತದೆ. ಜೋಡಣೆ ಅಲ್ಲಲ್ಲಿ ಕೆಡುವುದರಿಂದ ಮುದ್ರಣಕ್ಕೆ ಆಗದು, ಹಳೆಯ ಕಾರ್ಡೊಂದರಲ್ಲಿ ಏನಿತ್ತೆಂದು ನೋಡಿಕೊಳ್ಳಲು ಸಾಕು.

ವಾಟ್ಸ್‌ಆ್ಯಪ್ ಮತ್ತು ಬ್ಯಾಂಕಿನ ಕೆಲಸವನ್ನು ಈಗಾಗಲೇ ಈ ಮಿಂಟ್ ಯಂತ್ರಕ್ಕೆ ಸಾಗಿಸುತ್ತಿದ್ದೇವೆ. ಗಿರಾಕಿಯ ಮ್ಯಾಟರ್ ಅಲ್ಲಿ ಇಳಿದು, ಪೆನ್‌ಡ್ರೈವಿನಲ್ಲಿ ಐ3ಗೆ ಹೋಗುತ್ತದೆ. 2026ರ ಅಕ್ಟೋಬರ್ 13ರ ನಂತರ ಐ3ಯ ಇಂಟರ್‌ನೆಟ್ ಕೇಬಲ್ ಕೀಳುವುದೆಂದು ಚಿಕ್ಕಪ್ಪನೊಂದಿಗೆ ಒಪ್ಪಂದವಾಗಿದೆ, ಪೇಜ್‌ಮೇಕರ್ ಮತ್ತು ಪ್ರಿಂಟರು ಅದರಲ್ಲೇ ಮುಂದುವರಿಯುತ್ತವೆ.